ಜಾನ್ ಅರ್ಶೆಲ್: ಮೂರೇ ಸೀಸನ್ ಆಡಿದ ಲೈನ್‌ಮನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಾನ್ ಅರ್ಶೆಲ್ ಯಾರು?

ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ, ಬಾಲ್ಟಿಮೋರ್ ರೇವನ್ಸ್ ತಂಡಕ್ಕೆ 2014ರಿಂದ 2016ರವರೆಗೆ ಆಡಿದವರು. ಜಾಗ ಆಫೆನ್ಸಿವ್ ಲೈನ್, ಜರ್ಸಿ ನಂಬರ್ 64. ಎತ್ತರ 6 ಅಡಿ 3 ಇಂಚು, ತೂಕ 135 ಕಿಲೋಗಿಂತ ಜಾಸ್ತಿ. 1991ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಹುಟ್ಟಿದರು, ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಬೆಳೆದರು. 2017ರ ಜುಲೈನಲ್ಲಿ, 26ನೇ ವಯಸ್ಸಿಗೇ ಆಟ ಬಿಟ್ಟರು. ಈಗ ಎಂಐಟಿಯಲ್ಲಿ ಗಣಿತ ಕಲಿಸುತ್ತಾರೆ.

ಅವರ ಬಗ್ಗೆ ಬರೆಯುವವರೆಲ್ಲ ಎಂಐಟಿ ಕಡೆಗೇ ಓಡಿಹೋಗುತ್ತಾರೆ. ಆ ಮೂರು ವರ್ಷ ಮೈದಾನದಲ್ಲಿ ಏನು ಮಾಡಿದರು ಅಂತ ಕೇಳುವವರು ಕಮ್ಮಿ. ಇಲ್ಲಿ ಮೊದಲು ಆಟದ ಮಾತು, ಗಣಿತ ಆಮೇಲೆ.

ಲೈನ್‌ಮನ್ ಮಾಡುವ ಕೆಲಸವಾದರೂ ಏನು?

ಈ ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಎರಡೂ ಕಡೆ 11 ಜನ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರೊಳಗೆ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಚೆಂಡನ್ನು ಎಸೆಯುವುದೋ ಇನ್ನೊಬ್ಬನ ಕೈಗೆ ಕೊಡುವುದೋ ಕ್ವಾರ್ಟರ್‌ಬ್ಯಾಕ್‌ನ ಕೆಲಸ. ಅವನ ಮುಂದೆ ಸಾಲಾಗಿ ನಿಲ್ಲುವ ಐದು ದೈತ್ಯರೇ ಆಫೆನ್ಸಿವ್ ಲೈನ್. ನಡುವೆ ಸೆಂಟರ್, ಅವನ ಎರಡು ಪಕ್ಕದಲ್ಲಿ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು.

ಸೆಂಟರ್ ಬಗ್ಗಿ ನಿಂತು ಚೆಂಡನ್ನು ಎರಡು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡುತ್ತಾನೆ. ಆ ಕ್ಷಣಕ್ಕೇ ಎದುರಿನ ಸಾಲು ಮೈಮೇಲೆ ಬೀಳುತ್ತದೆ. ಎರಡು ಸಾಲುಗಳ ನಡುವೆ ಇರುವುದು ಒಂದು ಚೆಂಡಿನ ಉದ್ದ, ಅಂದ್ರೆ ಸುಮಾರು 11 ಇಂಚು. ಎದುರಿನವನ ಉಸಿರು ಕೇಳಿಸುವಷ್ಟು ಹತ್ತಿರ. ಮುಂದಿನ ಎರಡು ಮೂರು ಸೆಕೆಂಡು ಅವನನ್ನು ತಡೆದು ನಿಲ್ಲಿಸಬೇಕು. ಓಟದ ಆಟವಾದರೆ ಅವನನ್ನು ಪಕ್ಕಕ್ಕೆ ತಳ್ಳಿ ದಾರಿ ಮಾಡಿಕೊಡಬೇಕು. ತಡೆಯಬೇಕು ನಿಜ, ಆದರೆ ಹಿಡಿಯುವಂತಿಲ್ಲ. ಕಬಡ್ಡಿಯಲ್ಲಿ ರೈಡರ್‌ನ ಸೊಂಟ ಹಿಡಿದವನಿಗೆ ಚಪ್ಪಾಳೆ, ಇಲ್ಲಿ ಅದೇ ಕೆಲಸಕ್ಕೆ 10 ಗಜ ದಂಡ. ಹಾಗಾಗಿ ಅಂಗೈಗಳನ್ನು ಎದುರಾಳಿಯ ಎದೆಯ ಮೇಲೇ ಊರಿ ತಳ್ಳುವುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡುತ್ತಾರೆ.

ಮುಂದಕ್ಕೆ ಎಸೆದ ಚೆಂಡನ್ನು ಈ ಐವರು ಹಿಡಿಯುವ ಹಾಗೂ ಇಲ್ಲ. ಇವರ ಹೆಸರಲ್ಲಿ ಗಜಗಳ ಲೆಕ್ಕವಿಲ್ಲ, ಅಂಕಗಳಿಲ್ಲ. ಅಂಕಿಅಂಶದ ಪಟ್ಟಿಯಲ್ಲಿ ಸಿಗುವುದು ಮುಖ್ಯವಾಗಿ ಎರಡು ಸಂಖ್ಯೆ: ಎಷ್ಟು ಪಂದ್ಯದಲ್ಲಿ ಇಳಿದರು, ಎಷ್ಟರಲ್ಲಿ ಮೊದಲಿಂದ ಆಡಿದರು. ರೆಫರಿ ಮೈಕ್ ಹಿಡಿದು ಲೈನ್‌ಮನ್‌ನ ನಂಬರ್ ಕೂಗಿದರೆ ಸಾಮಾನ್ಯವಾಗಿ ತಪ್ಪಾಗಿದೆ ಅಂತಲೇ ಅರ್ಥ.

ಎನ್‌ಎಫ್‌ಎಲ್‌ಗೆ ಹೇಗೆ ಬಂದರು?

ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಮೂಲಕ. ಅಲ್ಲಿ ಅವರಿದ್ದ ಕಾಲ ಸುಖದ್ದಲ್ಲ. ಹಳೆಯ ಸಹಾಯಕ ಕೋಚ್ ಒಬ್ಬರ ಲೈಂಗಿಕ ದೌರ್ಜನ್ಯ ಪ್ರಕರಣ 2011ರಲ್ಲಿ ಬಯಲಾಗಿ, ಮರುವರ್ಷ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ತಂಡಕ್ಕೆ ಕಠಿಣ ಶಿಕ್ಷೆ ಹಾಕಿತು. ಆಟಗಾರರು ಬೇಕಾದರೆ ಬೇರೆ ಕಾಲೇಜಿಗೆ ಹೋಗಿ ತಕ್ಷಣ ಆಡಬಹುದು ಅಂತಲೂ ಹೇಳಿತು. ಕೆಲವರು ಹೋದರು. ಅರ್ಶೆಲ್ ಅಲ್ಲೇ ಉಳಿದರು. 2012 ಮತ್ತು 2013, ಎರಡೂ ವರ್ಷ ಕಾಲೇಜು ತಂಡಗಳ ಬಿಗ್ ಟೆನ್ ಕೂಟದ ಮೊದಲ ದರ್ಜೆಯ ತಂಡಕ್ಕೆ ಆಯ್ಕೆಯಾದರು.

ಅದರ ಜೊತೆಗೇ ಗಣಿತದಲ್ಲಿ ಪದವಿ, ಸ್ನಾತಕೋತ್ತರ ಪದವಿ ಎರಡೂ ಮುಗಿಸಿದರು. ಆಟಗಾರನಾಗಿದ್ದಾಗಲೇ ಕೆಳಗಿನ ತರಗತಿಯವರಿಗೆ ತ್ರಿಕೋನಮಿತಿ ಕಲಿಸಿದರು. ಸೂರ್ಯ, ಗುರುಗ್ರಹ ಮತ್ತು ಒಂದು ಕ್ಷುದ್ರಗ್ರಹ ಒಂದನ್ನೊಂದು ಸೆಳೆಯುವಾಗ ಆ ಚಿಕ್ಕದರ ದಾರಿ ಎಲ್ಲಿ ಅಸ್ಥಿರವಾಗುತ್ತದೆ ಅನ್ನುವ ಬಗ್ಗೆ ಇನ್ನೊಬ್ಬರ ಜೊತೆ ಬರೆದ ಪ್ರಬಂಧ 2013ರಲ್ಲಿ ಪ್ರಕಟವಾಯಿತು. ಓದು ಮತ್ತು ಆಟ ಎರಡನ್ನೂ ನೋಡಿ ಕೊಡುವ ಕ್ಯಾಂಬೆಲ್ ಟ್ರೋಫಿ ಅದೇ ವರ್ಷ ಬಂತು.

ಕಾಲೇಜು ಆಟಗಾರರನ್ನು ಲೀಗ್ ತಂಡಗಳು ಸರದಿಯಂತೆ ಆರಿಸಿಕೊಳ್ಳುವ 2014ರ ಡ್ರಾಫ್ಟ್‌ನಲ್ಲಿ ರೇವನ್ಸ್ ಅವರನ್ನು ಐದನೇ ಸುತ್ತಿನಲ್ಲಿ ಆರಿಸಿತು. ಒಟ್ಟು ಲೆಕ್ಕದಲ್ಲಿ 175ನೇ ಹೆಸರು. ಐದನೇ ಸುತ್ತಿನವರಿಗೆ ತಂಡದಲ್ಲಿ ಉಳಿಯುವ ಖಾತ್ರಿ ಏನೂ ಇರುವುದಿಲ್ಲ. ಆಗಸ್ಟ್ ಕೊನೆಗೆ ಪಟ್ಟಿಯನ್ನು 53 ಜನಕ್ಕೆ ಇಳಿಸುವಾಗ ಎಷ್ಟೋ ಜನ ಗಂಟುಮೂಟೆ ಕಟ್ಟುತ್ತಾರೆ. ಇವರು ಉಳಿದುಕೊಂಡರು.

ಮೂರು ಸೀಸನ್‌ನಲ್ಲಿ ಎಷ್ಟು ಆಡಿದರು?

ಒಟ್ಟು 40 ಪಂದ್ಯ, ಅದರಲ್ಲಿ 13ರಲ್ಲಿ ಮೊದಲಿಂದಲೇ ಕಣದಲ್ಲಿದ್ದರು. ವರ್ಷದ ಪ್ರಕಾರ ನೋಡಿದರೆ 2014ರಲ್ಲಿ 11 ಪಂದ್ಯ (3 ಸ್ಟಾರ್ಟ್), 2015ರಲ್ಲಿ ಹದಿನಾರಕ್ಕೆ ಹದಿನಾರೂ (7 ಸ್ಟಾರ್ಟ್), 2016ರಲ್ಲಿ 13 (3 ಸ್ಟಾರ್ಟ್).

ಇವರದು ಬದಲಿ ಆಟಗಾರನ ಕೆಲಸ. ಗಾರ್ಡ್ ಜಾಗಕ್ಕೂ ಸೈ, ಸೆಂಟರ್ ಜಾಗಕ್ಕೂ ಸೈ. ಪಂದ್ಯದ ದಿನ ಸಮವಸ್ತ್ರ ತೊಡಿಸುವ ಆಟಗಾರರ ಸಂಖ್ಯೆಗೆ ಮಿತಿ ಇರುವುದರಿಂದ, ಒಬ್ಬನೇ ಮೂರು ಜಾಗ ತುಂಬಬಲ್ಲ ಅಂದ್ರೆ ಕೋಚ್‌ಗೆ ಅಷ್ಟು ನೆಮ್ಮದಿ. ಆದರೆ ಆ ಆಟಗಾರನ ಪಾಡು ನೋಡಿ. ವಾರವಿಡೀ ಮೂರು ಜನರ ಪಾಠ ಕಲಿಯಬೇಕು. ಭಾನುವಾರ ಒಂದೂ ಆಟಕ್ಕೆ ಕರೆ ಬರದೇ ಇರಬಹುದು, ಇಲ್ಲವೇ ಎರಡನೇ ನಿಮಿಷಕ್ಕೇ ಬರಬಹುದು.

ಅವರ ಅತಿ ಮುಖ್ಯ ಪಂದ್ಯ ಯಾವುದು?

ನನ್ನ ಲೆಕ್ಕದಲ್ಲಿ ಒಂದಲ್ಲ, ಎರಡು. ಎರಡೂ 2015ರ ಜನವರಿಯವು, ಎರಡೂ ನಾಕೌಟ್.

ಮೊದಲನೆಯದು ಪಿಟ್ಸ್‌ಬರ್ಗ್‌ನಲ್ಲಿ, ಸ್ಟೀಲರ್ಸ್ ವಿರುದ್ಧ. ರೇವನ್ಸ್‌ನ ಬಲ ಟ್ಯಾಕಲ್ ರಿಕ್ ವ್ಯಾಗ್ನರ್ ಪಾದಕ್ಕೆ ಗಾಯ ಮಾಡಿಕೊಂಡು ಸೀಸನ್‌ನಿಂದಲೇ ಹೊರಗಿದ್ದರು. ಕೋಚ್ ಜಾನ್ ಹಾರ್ಬಾ, ತಂಡದ ಅತ್ಯುತ್ತಮ ಗಾರ್ಡ್ ಮಾರ್ಷಲ್ ಯಾಂಡಾ ಅವರನ್ನು ಟ್ಯಾಕಲ್ ಜಾಗಕ್ಕೆ ಸರಿಸಿದರು. ಯಾಂಡಾ ಬಿಟ್ಟ ಬಲ ಗಾರ್ಡ್ ಜಾಗ ಅರ್ಶೆಲ್‌ಗೆ ಬಂತು. ಎಡ ತುದಿಯಲ್ಲಿ ಜೇಮ್ಸ್ ಹರ್ಸ್ಟ್. ಅವರೂ ಮೊದಲ ವರ್ಷದ ಹುಡುಗ, ಡ್ರಾಫ್ಟ್‌ನಲ್ಲಿ ಯಾರೂ ಆರಿಸದೇ ಬಂದವರು. ಐದು ಜನರ ಸಾಲಿನಲ್ಲಿ ಇಬ್ಬರು ಹೊಸಬರು, ಒಬ್ಬರು ತಮ್ಮದಲ್ಲದ ಜಾಗದಲ್ಲಿ, ಅದೂ ಕಡು ವೈರಿಗಳ ಊರಲ್ಲಿ. ರೇವನ್ಸ್ 30–17ರಿಂದ ಗೆದ್ದಿತು.

ಮುಂದಿನ ವಾರ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎದುರು. ರೇವನ್ಸ್ ಎರಡು ಸಲ 14 ಅಂಕ ಮುಂದಿತ್ತು. ಆಗ ಪೇಟ್ರಿಯಟ್ಸ್ ಒಂದು ಚಮತ್ಕಾರ ತೆಗೆಯಿತು. ಐದು ಲೈನ್‌ಮನ್ ಬದಲು ನಾಲ್ಕೇ ಜನರನ್ನು ಇಳಿಸಿ, ಸಾಮಾನ್ಯವಾಗಿ ಚೆಂಡು ಹಿಡಿಯುವ ಆಟಗಾರ ಶೇನ್ ವೆರೀನ್ ಅವರನ್ನು ‘ಇವರು ಚೆಂಡು ಹಿಡಿಯುವ ಹಾಗಿಲ್ಲ’ ಅಂತ ರೆಫರಿ ಬಳಿ ಘೋಷಿಸಿ ದೂರ ನಿಲ್ಲಿಸಿತು. ರೇವನ್ಸ್‌ನವರು ಯಾರನ್ನು ಕಾಯಬೇಕು ಅಂತ ಹುಡುಕುವಷ್ಟರಲ್ಲಿ ಚೆಂಡು ಇನ್ನೊಬ್ಬರ ಕೈ ಸೇರಿತ್ತು. ಹಾರ್ಬಾ ಸಿಟ್ಟಿನಿಂದ ಮೈದಾನಕ್ಕೇ ನುಗ್ಗಿ ದಂಡ ಹಾಕಿಸಿಕೊಂಡರು. ಕೊನೆಗೆ 35–31, ಪೇಟ್ರಿಯಟ್ಸ್ ಜಯ. ಆ ವರ್ಷದ ಬೇಸಿಗೆಯೊಳಗೆ ಲೀಗ್ ನಿಯಮ ಬದಲಾಯಿಸಿತು. ಹೀಗೆ ಘೋಷಿಸಿಕೊಂಡ ಆಟಗಾರ ಇನ್ನು ಮುಂದೆ ಟ್ಯಾಕಲ್‌ಗಳ ನಡುವಿನ ಜಾಗದಲ್ಲೇ ನಿಲ್ಲಬೇಕು ಅಂತಾಯಿತು. ನಾಲ್ಕು ಜನ ನಿಂತರೋ ಐದು ಜನ ನಿಂತರೋ ಅಂತ ಲೈನ್‌ಮನ್‌ಗಳನ್ನು ಇಡೀ ದೇಶ ಎಣಿಸಿದ ದಿನ ಅದೊಂದೇ ಇರಬೇಕು.

40 ಪಂದ್ಯ ಅಂದ್ರೆ ತೀರಾ ಕಮ್ಮಿ ಅಲ್ವಾ?

ಅಲ್ಲ. ಆಟಗಾರರ ಸಂಘ ಹೇಳುವ ಪ್ರಕಾರ ಎನ್‌ಎಫ್‌ಎಲ್‌ನಲ್ಲಿ ಸರಾಸರಿ ಬಾಳಿಕೆ 3.3 ವರ್ಷ. ಲೀಗ್‌ನವರು ಇದನ್ನು ಒಪ್ಪುವುದಿಲ್ಲ. ಸೀಸನ್ ಶುರುವಿಗೆ ಅಂತಿಮ ಪಟ್ಟಿಯಲ್ಲಿದ್ದವರನ್ನು ಮಾತ್ರ ಎಣಿಸಿದರೆ ಅದರ ಹೆಚ್ಚೂಕಮ್ಮಿ ಎರಡರಷ್ಟು ಬರುತ್ತದೆ ಅನ್ನುವುದು ಅವರ ವಾದ. ಯಾವ ಲೆಕ್ಕ ಹಿಡಿದರೂ ಐದನೇ ಸುತ್ತಿನ ಹುಡುಗನೊಬ್ಬ ಮೂರು ವರ್ಷ ನಿಂತದ್ದು ಸಾಧಾರಣ ಮಾತಲ್ಲ. ಪಿಂಚಣಿ ಹಕ್ಕು ಬರುವುದಕ್ಕೂ ಮೂರು ಸೀಸನ್ ಬೇಕು.

ಹೆಚ್ಚಿನವರ ಆಟ ಮುಗಿಯುವುದು ಕೋಚ್ ಕರೆಸಿ ‘ನಿನ್ನ ಪ್ಲೇಬುಕ್ (ತಂಡದ ತಂತ್ರಗಳ ಪುಸ್ತಕ) ತಗೊಂಡು ಬಾ’ ಅಂದಾಗ, ಅಂದ್ರೆ ತಂಡದಿಂದ ತೆಗೆದಾಗ, ಇಲ್ಲವೇ ಮೊಣಕಾಲು ಕೈಕೊಟ್ಟಾಗ. ಇವರಿಗೆ ಒಪ್ಪಂದದಲ್ಲಿ ಇನ್ನೂ ಒಂದು ವರ್ಷ ಬಾಕಿ ಇತ್ತು, ಮೈಕೈ ಗಟ್ಟಿಯಿತ್ತು, ಸೆಂಟರ್ ಜಾಗ ಕೈಗೆಟುಕುವಷ್ಟು ಹತ್ತಿರವಿತ್ತು. ಬಿಟ್ಟ ರೀತಿ ಅಪರೂಪ, ಆಡಿದ ಅವಧಿ ಅಲ್ಲ.

ದುಡ್ಡು ಎಷ್ಟು ಬರುತ್ತಿತ್ತು?

2014ರಲ್ಲಿ ಹೊಸಬರಿಗೆ ಲೀಗ್ ನಿಗದಿ ಮಾಡಿದ್ದ ಕನಿಷ್ಠ ಸಂಬಳ ವರ್ಷಕ್ಕೆ 4,20,000 ಡಾಲರ್. ಅರ್ಶೆಲ್ ವರ್ಷಕ್ಕೆ 25,000 ಡಾಲರ್‌ಗಿಂತ ಕಮ್ಮಿ ಖರ್ಚಿನಲ್ಲಿ ಬದುಕುತ್ತಿದ್ದರು. ಓಡಿಸುತ್ತಿದ್ದದ್ದು ಸೆಕೆಂಡ್ ಹ್ಯಾಂಡ್ ನಿಸ್ಸಾನ್ ವರ್ಸಾ. ಸಹ ಆಟಗಾರರ ದೊಡ್ಡ ದೊಡ್ಡ ಗಾಡಿಗಳ ನಡುವೆ ಆ ಪುಟ್ಟ ಕಾರಿನಿಂದ ಈ ಗಾತ್ರದ ಮನುಷ್ಯ ಇಳಿಯುವುದನ್ನು ಪತ್ರಕರ್ತರು ಬಹಳ ಇಷ್ಟಪಟ್ಟು ಬರೆದರು. ಅವರ ಉತ್ತರ ಮಾತ್ರ ಸೀದಾ: ಬೇರೆ ಯಾರ ಗಾಡಿಯೂ ಹಿಡಿಸದ ಜಾಗದಲ್ಲಿ ಇದನ್ನು ನಿಲ್ಲಿಸಬಹುದು. ಗಣಿತ ಮತ್ತು ಚೆಸ್, ಇವೆರಡೇ ಅವರ ಶೋಕಿ. ಎರಡಕ್ಕೂ ಅಂಥಾ ದುಡ್ಡು ಬೇಡ.

ದುಡ್ಡಿನ ಆಸೆ ಇಲ್ಲ ಅಂದ್ಮೇಲೆ ಆಡಿದ್ದು ಯಾಕೆ?

ಡಿಕ್ಕಿ ಹೊಡೆಯುವುದು ಇಷ್ಟ ಅಂತ. ಸುಮ್ನೆ ಹೇಳುತ್ತಿಲ್ಲ, ಅವರೇ ಬರೆದದ್ದು.

2015ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡದ ಕ್ರಿಸ್ ಬೋರ್ಲಂಡ್ ಒಂದೇ ಸೀಸನ್ ಆಡಿ, 24ನೇ ವಯಸ್ಸಿನಲ್ಲಿ, ಮೆದುಳಿಗೆ ಆಗುವ ಹಾನಿಯ ಭಯದಿಂದ ನಿವೃತ್ತರಾದರು. ಆಗ ಎಲ್ಲರ ಕಣ್ಣು ಅರ್ಶೆಲ್ ಕಡೆ ತಿರುಗಿತು. ಮೆದುಳನ್ನೇ ನಂಬಿಕೊಂಡ ಇವನ್ಯಾಕೆ ಇನ್ನೂ ಆಡ್ತಿದ್ದಾನೆ? ಅವರು ಒಂದು ಲೇಖನ ಬರೆದು ಉತ್ತರ ಕೊಟ್ಟರು. ಬೋರ್ಲಂಡ್ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ, ನನಗೆ ಹಾಗೆ ಬಿಡಲು ಆಗುತ್ತಿಲ್ಲ, ಎದುರಿಗಿರುವವನನ್ನು ಮೈಬಲದಿಂದ ಮಣಿಸುವ ಆ ಸುಖ ಬೇರೆಲ್ಲೂ ಸಿಗುವುದಿಲ್ಲ ಅನ್ನುವುದು ಅದರ ಸಾರ. ತರ್ಕದಿಂದ ನೋಡಿದರೆ ತಾನು ಆಡಬಾರದು ಅಂತಲೂ ಒಪ್ಪಿಕೊಂಡರು.

ಆ ಲೇಖನ ನನಗೆ ಇಷ್ಟ. ‘ಬುದ್ಧಿವಂತ ಹುಡುಗ, ದಡ್ಡರ ಆಟ’ ಅನ್ನುವ ಸವಕಲು ಕಥೆಯನ್ನು ಅವರೇ ಒಡೆದುಹಾಕುತ್ತಾರೆ ಅದರಲ್ಲಿ.

ತಲೆಗೆ ಪೆಟ್ಟಾಗಿತ್ತು ಅಂತಾರೆ, ನಿಜವಾ?

ನಿಜ. ಆ ಲೇಖನ ಬಂದ ಐದೇ ತಿಂಗಳಿಗೆ, 2015ರ ಆಗಸ್ಟ್‌ನ ಅಭ್ಯಾಸ ಶಿಬಿರದಲ್ಲಿ ಕಂಕಷನ್ (ತಲೆಗೆ ಪೆಟ್ಟಾಗಿ ಮೆದುಳು ಅಲುಗುವುದು) ಆಯಿತು. ಹೆಲ್ಮೆಟ್‌ಗೆ ಹೆಲ್ಮೆಟ್ ಬಡಿದು ಪ್ರಜ್ಞೆ ತಪ್ಪಿತು. ಮೈದಾನಕ್ಕೆ ಮರಳಲು ಸುಮಾರು ಮೂರು ವಾರ ಹಿಡಿಯಿತು. ಗಣಿತ ಮರಳಲು ಅದಕ್ಕಿಂತ ಜಾಸ್ತಿ ಸಮಯ ಬೇಕಾಯಿತು ಅಂತ ಆಮೇಲೆ ಸಂದರ್ಶನಗಳಲ್ಲಿ ಹೇಳಿದರು. ಮನಸ್ಸಿನಲ್ಲೇ ಆಕಾರಗಳನ್ನು ಕಟ್ಟಿ ತಿರುಗಿಸಿ ನೋಡುವ ಮೇಲ್ಮಟ್ಟದ ಯೋಚನೆ ಕೆಲ ಕಾಲ ಕೈಗೆ ಹತ್ತಲಿಲ್ಲ.

ಇಲ್ಲೊಂದು ವಿಷಯ ಗಮನಿಸಬೇಕು. ಕಂಕಷನ್ ಆದ ಆಟಗಾರನಿಗೆ ತಂಡದ ವೈದ್ಯರು ಮಾಡುವ ಪರೀಕ್ಷೆಯಲ್ಲಿ ನೆನಪು, ಸಮತೋಲನ, ಚುರುಕುತನ ನೋಡುತ್ತಾರೆ. ಪಾಸಾದರೆ ಆಡಬಹುದು. ಅರ್ಶೆಲ್ ಹತ್ತಿರ ಅದಕ್ಕಿಂತ ಸೂಕ್ಷ್ಮವಾದ ಅಳತೆಗೋಲು ಇತ್ತು. ವೈದ್ಯರು ಸರಿಯಿದೆ ಅಂದ ಮೇಲೂ ಇನ್ನೂ ಏನೋ ಸರಿಯಿಲ್ಲ ಅಂತ ಅವರಿಗೆ ಗೊತ್ತಾಗುತ್ತಿತ್ತು. ಬೇರೆ ಆಟಗಾರರಿಗೆ ಆ ಬಾಕಿ ಹಾನಿ ತಿಳಿಯುವುದಾದರೂ ಹೇಗೆ?

ಇಷ್ಟಾದರೂ ಅವರು ಆ ಸೀಸನ್‌ನ ಹದಿನಾರೂ ಪಂದ್ಯಕ್ಕೆ ಇಳಿದರು. ಸೆಂಟರ್ ಜೆರೆಮಿ ಝುಟ್ಟಾ ಗಾಯಗೊಂಡಾಗ ಆ ಜಾಗಕ್ಕೂ ನಿಂತರು.

ಆಡುತ್ತಲೇ ಪಿಎಚ್‌ಡಿ ಮಾಡಿದ್ದು ಹೇಗೆ?

2016ರ ಆರಂಭದಲ್ಲಿ ಎಂಐಟಿ ಸೇರಿದರು. ಎನ್‌ಎಫ್‌ಎಲ್ ಸೀಸನ್ ಸೆಪ್ಟೆಂಬರ್‌ನಿಂದ ಜನವರಿವರೆಗೆ. ಫೆಬ್ರವರಿಯಿಂದ ಮೇವರೆಗಿನ ಸೆಮಿಸ್ಟರ್ ಹೆಚ್ಚೂಕಮ್ಮಿ ಖಾಲಿ. ಉಳಿದ ಆಟಗಾರರು ರಜೆಗೆ ಹೋಗುವ ಹೊತ್ತಿಗೆ ಇವರು ಎಂಐಟಿ ಇರುವ ಕೇಂಬ್ರಿಡ್ಜ್‌ನಲ್ಲಿ ಕ್ಲಾಸಿಗೆ ಹೋಗುತ್ತಿದ್ದರು. 2021ರಲ್ಲಿ ಮಿಶೆಲ್ ಗೋಮನ್ಸ್ ಮಾರ್ಗದರ್ಶನದಲ್ಲಿ ಪಿಎಚ್‌ಡಿ ಮುಗಿಯಿತು.

ಕೊನೆಗೆ ಬಿಟ್ಟಿದ್ದು ಯಾಕೆ? ಮೆದುಳಿನ ಹಾನಿಯ ಬಗ್ಗೆ ಬಂದ ವರದಿಗೆ ಹೆದರಿಯಾ?

ದಿನಾಂಕ ನೋಡಿದರೆ ಹಾಗೇ ಅನ್ನಿಸುತ್ತದೆ. 2017ರ ಜುಲೈ 25ಕ್ಕೆ ಬಾಸ್ಟನ್ ವಿಶ್ವವಿದ್ಯಾಲಯದ ತಂಡದ ಅಧ್ಯಯನ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ಪರೀಕ್ಷಿಸಿದ 111 ಮಾಜಿ ಎನ್‌ಎಫ್‌ಎಲ್ ಆಟಗಾರರ ಮೆದುಳಿನಲ್ಲಿ 110ರಲ್ಲಿ ಸಿಟಿಇ (ತಲೆಗೆ ಪದೇ ಪದೇ ಪೆಟ್ಟು ಬಿದ್ದವರಲ್ಲಿ ಕಾಣುವ ಮೆದುಳಿನ ಕಾಯಿಲೆ) ಕಂಡುಬಂದಿತ್ತು. ಜುಲೈ 27ಕ್ಕೆ ಅರ್ಶೆಲ್ ನಿವೃತ್ತಿ. ತಂಡದ ಮೂಲಗಳನ್ನು ಹೇಳಿಕೊಂಡು ಮಾಧ್ಯಮಗಳು ಎರಡನ್ನೂ ಗಂಟುಹಾಕಿದವು.

ಅವರು ಹೊರಡಿಸಿದ ಹೇಳಿಕೆಯಲ್ಲಿ ಅಧ್ಯಯನದ ಸುದ್ದಿಯೇ ಇರಲಿಲ್ಲ. ಪೂರ್ತಿ ಸಮಯ ಓದಬೇಕು, ಡಿಸೆಂಬರ್‌ನಲ್ಲಿ ಮೊದಲ ಮಗು ಬರುತ್ತದೆ, ಇದಕ್ಕೆ ದೊಡ್ಡ ಕಥೆ ಏನೂ ಇಲ್ಲ ಅಂತ ಅಷ್ಟೇ. ಅಪಾಯ ಅವರಿಗೆ ಆ ವಾರ ಗೊತ್ತಾದದ್ದೇನಲ್ಲ. ಎರಡು ವರ್ಷ ಮೊದಲೇ ಅದರ ಬಗ್ಗೆ ಬರೆದಿದ್ದರು, ಅನುಭವಿಸಿಯೂ ಇದ್ದರು. ಒಂದು ವರದಿ ಓದಿ ಎರಡೇ ದಿನದಲ್ಲಿ ಎದ್ದು ಹೋದರು ಅಂತ ನಂಬುವುದು ನನಗೆ ಕಷ್ಟ.

111ಕ್ಕೆ 110 ಅಂದ್ರೆ ಆಡಿದವರಿಗೆಲ್ಲ ಬರುತ್ತೆ ಅಂತಲಾ?

ಹಾಗಲ್ಲ. ಆ ಮೆದುಳುಗಳು ಕುಟುಂಬದವರು ದಾನ ಕೊಟ್ಟವು. ಬದುಕಿದ್ದಾಗ ಮರೆವು, ಸಿಟ್ಟು, ಖಿನ್ನತೆ ಕಂಡವರ ಮನೆಯವರೇ ಹೆಚ್ಚಾಗಿ ದಾನಕ್ಕೆ ಮುಂದಾಗುತ್ತಾರೆ. ಆದ್ದರಿಂದ ಇದು ಎಲ್ಲ ಆಟಗಾರರ ಪ್ರಮಾಣ ಅಲ್ಲ, ಸಂಶೋಧಕರೂ ಅದನ್ನೇ ಹೇಳಿದ್ದಾರೆ. ಸಿಟಿಇ ಅನ್ನು ಖಚಿತಪಡಿಸುವುದೂ ಸತ್ತ ಮೇಲೆ ಮೆದುಳನ್ನು ಪರೀಕ್ಷಿಸಿಯೇ.

ಆದರೂ ಲೈನ್‌ಮನ್‌ಗಳ ವಿಷಯ ಬೇರೆ. ದೊಡ್ಡ ಪೆಟ್ಟು ಬಿದ್ದಾಗ ಕ್ಯಾಮೆರಾ ನಿಲ್ಲುತ್ತದೆ, ವೈದ್ಯರು ಓಡಿಬರುತ್ತಾರೆ. ಲೈನ್‌ಮನ್‌ಗೆ ಬೀಳುವುದು ಸಣ್ಣ ಸಣ್ಣ ಪೆಟ್ಟು, ಪ್ರತಿ ಆಟದಲ್ಲೂ, ಅಭ್ಯಾಸದಲ್ಲೂ. ಯಾವುದೂ ಕಂಕಷನ್ ಅನ್ನಿಸಿಕೊಳ್ಳುವಷ್ಟು ಇರುವುದಿಲ್ಲ. ಆದರೆ ಹೀಗೆ ವರ್ಷಗಟ್ಟಲೆ ಕೂಡಿಕೊಳ್ಳುವ ಪೆಟ್ಟುಗಳೇ ಸಿಟಿಇಗೆ ಮುಖ್ಯ ಕಾರಣ ಅನ್ನುವ ಅಭಿಪ್ರಾಯ ಈಗ ಬಲವಾಗಿದೆ.

ಅವರು ಹೋದ ಮೇಲೆ ರೇವನ್ಸ್ ಏನು ಮಾಡಿತು?

ಝುಟ್ಟಾ ಅದಾಗಲೇ ಬೇರೆ ತಂಡಕ್ಕೆ ಹೋಗಿದ್ದರು. ಸೆಂಟರ್ ಜಾಗಕ್ಕೆ ಅರ್ಶೆಲ್ ಮತ್ತು ರಯಾನ್ ಜೆನ್ಸನ್ ನಡುವೆ ಪೈಪೋಟಿ ನಡೆಯಬೇಕಿತ್ತು. ಅರ್ಶೆಲ್ ಹೋದ ಮೇಲೆ ಜಾಗ ಜೆನ್ಸನ್‌ಗೆ ಸಿಕ್ಕಿತು, ಅವರು ಚೆನ್ನಾಗಿ ಆಡಿದರು. ಮರುವರ್ಷ ಟ್ಯಾಂಪಾ ಬೇ ತಂಡ ಅವರಿಗೆ ನಾಲ್ಕು ವರ್ಷಕ್ಕೆ 4.2 ಕೋಟಿ ಡಾಲರ್ ಕೊಟ್ಟು ಕರೆದುಕೊಂಡಿತು. ಆ ಕುರ್ಚಿಯ ಬೆಲೆ ಎಷ್ಟಿತ್ತು ಅಂತ ಇದರಿಂದ ಅಂದಾಜು ಮಾಡಿಕೊಳ್ಳಿ. ಅರ್ಶೆಲ್ ಇದ್ದಿದ್ದರೂ ಜೆನ್ಸನ್ ಗೆಲ್ಲಬಹುದಿತ್ತು, ಅದು ಬೇರೆ ಮಾತು.

ಗಣಿತದಲ್ಲಿ ಅವರು ಮಾಡುವುದೇನು?

ಎರಡು ಉದಾಹರಣೆ ಕೊಡುತ್ತೇನೆ. ಚುಕ್ಕಿಗಳೂ ಅವನ್ನು ಸೇರಿಸುವ ಗೆರೆಗಳೂ ಇರುವ ದೊಡ್ಡ ಜಾಲವೊಂದಿದೆ ಅಂದುಕೊಳ್ಳಿ. ಆದಷ್ಟು ಕಮ್ಮಿ ಗೆರೆ ಕತ್ತರಿಸಿ ಅದನ್ನು ಎರಡು ಪಾಲು ಮಾಡಬೇಕು. ಎಲ್ಲಿ ಕತ್ತರಿಸಬೇಕು ಅನ್ನುವುದಕ್ಕೆ ಒಳ್ಳೆಯ ಸುಳಿವು ಕೊಡುವುದು ಫೀಡ್ಲರ್ ವೆಕ್ಟರ್ ಅನ್ನುವ ಸಂಖ್ಯೆಗಳ ಸಾಲು. ಜಾಲದಲ್ಲಿ ಲಕ್ಷಾಂತರ ಚುಕ್ಕಿ ಇದ್ದಾಗ ಅದನ್ನು ಬೇಗ ಲೆಕ್ಕ ಹಾಕುವ ವಿಧಾನದ ಬಗ್ಗೆ ಪೆನ್ ಸ್ಟೇಟ್‌ನವರ ಜೊತೆ ಬರೆದ ಪ್ರಬಂಧ 2015ರಲ್ಲಿ ಪ್ರಕಟವಾಯಿತು. ಆಗ ಅವರಿನ್ನೂ ರೇವನ್ಸ್ ಆಟಗಾರ.

ಎರಡನೆಯದು ಗಾಸ್ ಎಲಿಮಿನೇಷನ್. ಒಂದೊಂದೇ ಅಜ್ಞಾತವನ್ನು ತೆಗೆದು ಸಮೀಕರಣ ಬಿಡಿಸುವುದನ್ನು ಹೈಸ್ಕೂಲಿನಲ್ಲಿ ಎಲ್ಲರೂ ಮಾಡಿರುತ್ತೇವೆ. ಕಂಪ್ಯೂಟರ್ ಸಾವಿರಾರು ಸಮೀಕರಣಕ್ಕೆ ಅದನ್ನೇ ಮಾಡುವಾಗ ನಡುವಿನ ಸಂಖ್ಯೆಗಳು ಉಬ್ಬುತ್ತಾ ಹೋದರೆ ಉತ್ತರ ಕೆಡುತ್ತದೆ. ಅವು ಹೆಚ್ಚೆಂದರೆ ಎಷ್ಟು ಉಬ್ಬಬಹುದು ಅನ್ನುವ ಹಳೆಯ ಪ್ರಶ್ನೆಯ ಮೇಲೆ ಎಂಐಟಿಯ ಅಲನ್ ಎಡೆಲ್ಮನ್ ಜೊತೆ ಕೆಲಸ ಮಾಡಿದ್ದಾರೆ. ಹಾರ್ವರ್ಡ್‌ನ ಫೆಲೋಶಿಪ್ ಮುಗಿಸಿ 2023ರಲ್ಲಿ ಎಂಐಟಿಗೆ ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಬಂದರು.

ಓದು ಮತ್ತು ಲೈನ್ ಎರಡನ್ನೂ ನಡೆಸಿದವರು ಬೇರೆ ಯಾರಾದರೂ ಇದ್ದಾರಾ?

ಲೋರಾನ್ ಡುವೆರ್ನೆ-ಟಾರ್ಡಿಫ್. ಅವರೂ ಕೆನಡಾದವರು, ಅವರೂ ಗಾರ್ಡ್. ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡದಲ್ಲಿ ಆಡುತ್ತಲೇ 2018ರಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. 2020ರ ಫೆಬ್ರವರಿಯಲ್ಲಿ ಲೀಗ್‌ನ ಫೈನಲ್ ಸೂಪರ್ ಬೌಲ್ ಗೆದ್ದ ತಂಡದಲ್ಲಿದ್ದರು. ಅದೇ ವರ್ಷ ಕೋವಿಡ್ ಬಂದಾಗ ಸೀಸನ್ ಬಿಟ್ಟು ಕ್ವಿಬೆಕ್‌ನ ವೃದ್ಧರ ಆರೈಕೆ ಕೇಂದ್ರದಲ್ಲಿ ದುಡಿದರು.

ಆಟ ಬಿಟ್ಟ ಮೇಲೂ ಫುಟ್‌ಬಾಲ್ ಜೊತೆ ನಂಟು ಇತ್ತಾ?

ಇತ್ತು. ಪತ್ನಿ, ಪತ್ರಕರ್ತೆ ಲೂಯಿಸಾ ಥಾಮಸ್ ಜೊತೆ ಸೇರಿ 2019ರಲ್ಲಿ ಆತ್ಮಕಥೆ ಬರೆದರು. ಒಂದು ಅಧ್ಯಾಯ ಆಟದ್ದು, ಮುಂದಿನದು ಗಣಿತದ್ದು, ಹಾಗೇ ಸಾಗುತ್ತದೆ. 2020ರಲ್ಲಿ ಕಾಲೇಜು ಫುಟ್‌ಬಾಲ್‌ನ ಕೊನೆಯ ಪ್ರಶಸ್ತಿ ಸುತ್ತಾದ ಪ್ಲೇಆಫ್‌ಗೆ ತಂಡಗಳನ್ನು ಆರಿಸುವ 13 ಜನರ ಸಮಿತಿಗೆ ನೇಮಕವಾದರು. ಮಾಜಿ ಕೋಚ್‌ಗಳು, ಕ್ರೀಡಾ ನಿರ್ದೇಶಕರು ತುಂಬಿದ ಸಮಿತಿ ಅದು. ಕಂಪ್ಯೂಟರ್ ಸೂತ್ರ ಅಂತಿಮವಲ್ಲ, ಸದಸ್ಯರು ಪಂದ್ಯ ನೋಡಿ, ಚರ್ಚೆ ಮಾಡಿ, ಮತ ಹಾಕಿಯೇ ಪಟ್ಟಿ ಮಾಡಬೇಕು.